ಐದು ಸಾವಿರ ಸುತ್ತುಗಳ ಆಚೆ

ಹತ್ತಿ ಬಿಡಿಸುವ ಕಾಲ ಆಗಷ್ಟೇ ಶುರುವಾಗಿತ್ತು. ದೇವದುರ್ಗದ ಉಪನ್ಯಾಸಕರೊಬ್ಬರು ತಮ್ಮ ಕಾರನ್ನು ನಮ್ಮ ಗ್ಯಾರೇಜಿನ ಅಂಗಳಕ್ಕೆ ತಂದು ನಿಲ್ಲಿಸಿ, ಎಂಜಿನ್ ಆರಿಸದೆ ಗಾಜು ಮಾತ್ರ ಇಳಿಸಿದರು.

"ಮೇಡಂ, ಗಾಡಿ ಜಗ್ಗವಲ್ದು," ಎಂದರು. "ಕೆಳಗ ಚಲೋ ಅದ. ಮ್ಯಾಲೆ ಹೋದ್ರ ಹಿಂದಿಂದ ಯಾರೋ ಅಂಗಿ ಹಿಡಕೊಂಡಂಗ ಆಗ್ತದ."

"ಎಷ್ಟರ ಮ್ಯಾಲೆ ಸರ್?"

"ಐದು ಸಾವಿರ. ಅಲ್ಲಿತನಕ ಕುದುರಿ, ಅಲ್ಲಿಂದ ಭಾರ ಹೊತ್ತ ಕತ್ತಿ."

ಅದು ಒಬ್ಬರು ಓಡಿಸಿದ್ದನ್ನು ಕೊಂಡ ಟರ್ಬೋ ಪೆಟ್ರೋಲ್ ಕಾರು, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವಂಥದ್ದು. ಅವರು ಐದು ಸಾವಿರ ಎಂದದ್ದು ಎಂಜಿನ್ನಿನ ಸುತ್ತು, ನಿಮಿಷಕ್ಕೆ ಇಷ್ಟೆಂದು. ಮನೆ, ಕಚೇರಿ, ಸಂತೆ ಎಂದು ಓಡಾಡುವ ಕಾರುಗಳು ಆ ಸಂಖ್ಯೆಯ ಹತ್ತಿರವೂ ಹೋಗುವುದಿಲ್ಲ. ಈ ಕಾರನ್ನು ನಾವು ಅಲ್ಲಿಗೆ ಹೋಗಲೆಂದೇ ತಯಾರು ಮಾಡಿದ್ದೆವು. ಗ್ರಿಲ್ಲಿನ ಹಿಂದಿನಿಂದ ಫಿಲ್ಟರಿನ ಪೆಟ್ಟಿಗೆಗೆ ನೇರವಾಗಿ ಗಾಳಿ ಒಯ್ಯುವ ದಪ್ಪ ಕೊಳವೆಯನ್ನು ಉಸ್ತಾದರು ಕೂರಿಸಿದ್ದರು. ಎಷ್ಟು ಗಾಳಿಗೆ ಎಷ್ಟು ಪೆಟ್ರೋಲು, ಯಾವ ಕ್ಷಣಕ್ಕೆ ಕಿಡಿ ಎಂದು ಎಂಜಿನ್ನಿನ ಕಂಪ್ಯೂಟರಿಗೆ ಹೇಳುವ ಕೋಷ್ಟಕಗಳನ್ನು ನಾನು ಬರೆದಿದ್ದೆ. ನಮ್ಮ ಕೆಲಸದಲ್ಲಿ ಅದನ್ನು ಮ್ಯಾಪ್ ಎನ್ನುತ್ತಾರೆ. ಕಾರು ಎಲ್ಲೇ ಓಡುತ್ತಿರಲಿ, ಅದನ್ನು ಬರೆದವರ ಕೈ ಅದರೊಳಗೆ ಇದ್ದೇ ಇರುತ್ತದೆ.

ಉಸ್ತಾದರೆಂದರೆ ಗ್ಯಾರೇಜಿನ ಯಜಮಾನರು. ರಾಯಚೂರಿನಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರನ್ನು ನಾನು ನೋಡಿಲ್ಲ. ಲ್ಯಾಪ್‌ಟಾಪ್ ಹಿಡಿದು ಕಾರು ಸರಿಪಡಿಸುತ್ತೇನೆಂದು ಬಂದ ಎಂಜಿನಿಯರಿಂಗ್ ಓದಿದ ಹುಡುಗಿಗೆ ಬೇರೆ ಗ್ಯಾರೇಜುಗಳಲ್ಲಿ ಚಹಾ ಸಿಕ್ಕಿತ್ತು, ಜಾಗ ಸಿಕ್ಕಿರಲಿಲ್ಲ. ಇವರು ಮೂಲೆಯಲ್ಲಿದ್ದ ಹಳೆಯ ಟೈರುಗಳನ್ನು ಸರಿಸಿ ಒಂದು ಮೇಜು ಹಾಕಿಕೊಟ್ಟರು. ಮನೆಯಲ್ಲಿ ಈಗಲೂ ನೆಂಟರಿಗೆ ನನ್ನದು "ಕಂಪ್ಯೂಟರ್ ಕೆಲಸ" ಎಂದೇ ಹೇಳುತ್ತಾರೆ. ಸುಳ್ಳೇನಲ್ಲ.

ಉಸ್ತಾದರದು ಒಂದು ಪದ್ಧತಿ. ಹತ್ತಿ ಸುಗ್ಗಿಯಲ್ಲಿ ನಮ್ಮ ರಸ್ತೆಗಳ ಮೇಲೆ ಅರಳೆಯ ಎಳೆಗಳು ತೇಲುತ್ತಿರುತ್ತವೆ. ಲಾರಿಗಳ ಬದಿಯಿಂದ, ಹತ್ತಿಯ ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್ಲುಗಳ ಗೋಡೆಯಾಚೆಯಿಂದ ಹಾರಿ ಬಂದು ಬೇಲಿ, ತಂತಿ, ವಾಹನಗಳ ಮೂತಿ ಎಲ್ಲಕ್ಕೂ ಅಂಟುತ್ತವೆ. ರೇಡಿಯೇಟರಿಗೆ ಮೆತ್ತಿಕೊಳ್ಳಬಾರದೆಂದು ಗ್ರಿಲ್ಲಿನ ಹಿಂದೆ ಸೊಳ್ಳೆಪರದೆಯ ತುಂಡು ಕಟ್ಟುವುದು ಇಲ್ಲಿ ಎಲ್ಲ ಗ್ಯಾರೇಜುಗಳ ವಾಡಿಕೆ. ಉಸ್ತಾದರು ಅದನ್ನು ಕೇಳದೆಯೇ ಕಟ್ಟಿಕೊಡುತ್ತಾರೆ. ಯಾವ ಗಾಡಿ ಬಂದರೂ ಮೊದಲು ಕಂಪ್ರೆಸರಿನ ಗಾಳಿ ಕೊಳವೆ ಹಿಡಿದು ಮೂತಿಯನ್ನೆಲ್ಲ ಊದಿ, ಒರೆಸಿ, ಆಮೇಲೆ "ಏನಾತ್ರೀ?" ಎಂದು ಕೇಳುತ್ತಾರೆ. ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಟ್ಟ ಹಾಗೆ.

ಅಂದೂ ಹಾಗೆಯೇ ಊದಿದರು. ನಾನು ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ನೋಡಿದೆ. ಕಿಡಿ ಹಾರುವ ಸಂದು ಇರಬೇಕಾದ್ದಕ್ಕಿಂತ ಕೊಂಚ ಹೆಚ್ಚಾಗಿತ್ತು. ಒತ್ತಡ ಏರಿದಾಗ ಕಿಡಿ ಆರಿಹೋಗಲು ಅಷ್ಟು ಸಾಕು. ಹೊಸ ಪ್ಲಗ್ ಹಾಕಿ, ಲ್ಯಾಪ್‌ಟಾಪ್ ಜೋಡಿಸಿ, ಬೈಪಾಸಿನ ಖಾಲಿ ರಸ್ತೆಯಲ್ಲಿ ಮೂರನೆಯ ಗೇರಿನಲ್ಲಿ ಪೂರ್ತಿ ತುಳಿಯಲು ಹೇಳಿದೆ. ಐದು ಸಾವಿರ ದಾಟಿ, ಆರೂ ದಾಟಿ, ಕಾರು ಎಳೆಯಿತು.

"ಸರಿಯಾಗಿದೆ ಸರ್," ಎಂದೆ.

ಕೆಲವೇ ದಿನಗಳಲ್ಲಿ ಅವರು ಮತ್ತೆ ಬಂದರು. ಅದೇ ದೂರು. ಉಸ್ತಾದರು ಊದಿದರು. ನಾನು ಟರ್ಬೋದಿಂದ ಎಂಜಿನ್ನಿಗೆ ಹೋಗುವ ಕೊಳವೆಗಳಿಗೆ ಹೊಗೆ ತುಂಬಿಸಿ ಸೋರಿಕೆ ಹುಡುಕಿದೆ. ಕೊಳವೆ ಬಿಗಿಯುವ ಒಂದು ಕ್ಲಾಂಪಿನ ಸಂದಿಯಿಂದ ನೂಲಿನಂಥ ಹೊಗೆ ಎದ್ದಿತು. ಸಿಕ್ಕಿತಲ್ಲ ಎಂದು ಎಷ್ಟು ಸಮಾಧಾನವಾಯಿತೆಂದರೆ, ಇಷ್ಟು ಸಣ್ಣ ಸೋರಿಕೆಯಿಂದ ಅಷ್ಟು ದೊಡ್ಡ ನಷ್ಟವಾಗುತ್ತದೆಯೇ ಎಂದು ಲೆಕ್ಕ ಹಾಕಲೇ ಇಲ್ಲ. ಕ್ಲಾಂಪ್ ಬದಲಿಸಿದೆ. ಬೈಪಾಸಿನಲ್ಲಿ ಕಾರು ಎಳೆಯಿತು. ಮತ್ತೆ ಅದೇ ಮಾತು ಹೇಳಿದೆ.

ಮೂರನೆಯ ಸಲ ಬಂದಾಗ ಉಪನ್ಯಾಸಕರು ಕಾರಿನಿಂದ ಇಳಿದು ಕೀಲಿಯನ್ನು ನನ್ನ ಕೈಗೆ ಕೊಟ್ಟರು. ತಮಾಷೆಯ ಮನುಷ್ಯ. ಈ ಸಲ ತಮಾಷೆ ಇರಲಿಲ್ಲ.

"ಅವ್ವನ್ನ ಕರಕೊಂಡು ನೀರಮಾನ್ವಿ ಎಲ್ಲಮ್ಮಗ ಹೋಗಿದ್ದೆ," ಎಂದರು. "ಬರೂಮುಂದ ಮುಂದ ಅರಳಿ ಲಾರಿ. ಎದುರಿಗೆ ಬಸ್ಸು ದೂರ ಅದ ಅಂತ ನೋಡೇ ಹಿಂದ ಹಾಕಾಕ ತುಳಿದೆ. ಅರ್ಧಕ್ಕ ಹೋದಾಗ ಗಾಡಿ ಕೈ ಬಿಡ್ತು."

"ಆಮೇಲೆ?"

"ಬ್ರೇಕ್ ಹಾಕಿ ಲಾರಿ ಹಿಂದ ಹೊಕ್ಕೊಂಡೆ. ಬಸ್ಸಿನವನು ಹಾರ್ನ್ ಹೊಡಕೋತ ಹೋದ. ಅವ್ವ ಒಂದು ಮಾತೂ ಆಡಲಿಲ್ಲ ಮೇಡಂ. ಮನೀ ಮುಟ್ಟೂತನ." ಆಮೇಲೆ ನನ್ನನ್ನು ನೋಡದೆ, "ನೀವು ಸರಿಯಾಗ್ಯದ ಅಂದಿದ್ರಿ, ಅದಕ್ಕ ತುಳಿದೆ," ಎಂದರು.

ದೂರುವ ದನಿಯಲ್ಲ ಅದು. ದೂರಿದ್ದರೆ ಉತ್ತರ ಕೊಡಬಹುದಿತ್ತು. ಎರಡು ಸಲ ನಾನು ಹೇಳಿದ ಒಂದು ಮಾತನ್ನು ನಂಬಿ ಒಬ್ಬ ಮನುಷ್ಯ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಎದುರಿನ ಬಸ್ಸಿನತ್ತ ಕಾರು ನುಗ್ಗಿಸಿದ್ದರು. ಇನ್ನೊಮ್ಮೆ ಹೀಗಾದರೆ ಲಾರಿಯ ಹಿಂದೆ ಜಾಗ ಇರದೆಯೂ ಹೋಗಬಹುದು.

ನಾವು ಮಾತಾಡುತ್ತಿದ್ದಾಗಲೇ ಉಸ್ತಾದರು ಕಾರನ್ನು ಊದಿ ಮುಗಿಸಿದ್ದರು. ಬೈಪಾಸಿಗೆ ಒಯ್ದರೆ ಈ ಸಲ ಏನನ್ನೂ ಬದಲಿಸದೆಯೇ ಕಾರು ಚೆನ್ನಾಗಿ ಎಳೆಯಿತು.

"ಟರ್ಬೋ ಸುಸ್ತಾಗ್ಯದ ಬೇಟಾ," ಎಂದರು ಉಸ್ತಾದರು. "ಒಮ್ಮೆ ನಡೀತದ, ಒಮ್ಮೆ ನಡಿಯಂಗಿಲ್ಲ. ಇಲ್ಲಾ ನಿನ್ನ ಮ್ಯಾಪು ಅದಕ್ಕ ಭಾರ ಆಗ್ಯದ. ತೆಗದುಬಿಡು. ಫಿಕರ್ ಮುಗೀತು."

ತೆಗೆದೆ. ಕಂಪನಿಯ ಮೂಲ ಮ್ಯಾಪನ್ನೇ ಹಾಕಿ, ನಾನು ಹೇಳುವವರೆಗೆ ಯಾವ ಲಾರಿಯನ್ನೂ ಹಿಂದೆ ಹಾಕಬೇಡಿ ಎಂದು ಉಪನ್ಯಾಸಕರನ್ನು ಕಳುಹಿಸಿದೆ. ವಾರ ಕಳೆದು ಫೋನ್ ಬಂತು. "ಈಗ ಏನೂ ತ್ರಾಸಿಲ್ಲ ಮೇಡಂ. ಸಪ್ಪಗದ, ಆದ್ರ ಒಂದೇ ಸಮ ನಡೀತದ."

ಅಂದರೆ ದೋಷ ನನ್ನ ಮ್ಯಾಪಿನದೇ. ಉಸ್ತಾದರು ಅದನ್ನು ಮತ್ತೆ ಎತ್ತದೆ ಚಹಾ ತರಿಸಿದರು. ಅಷ್ಟಕ್ಕೇ ಬಿಟ್ಟುಬಿಡಬಹುದಿತ್ತು. ಆದರೆ ಅದೇ ಬಗೆಯ ಕೊಳವೆ, ಮ್ಯಾಪ್ ಹಾಕಿದ ಇನ್ನೊಂದು ಕಾರು ಮಾನ್ವಿಯಲ್ಲಿ ಓಡುತ್ತಿತ್ತು. ಅದರ ಹಿಂದಿನ ಸೀಟಿನಲ್ಲಿ ದಿನವೂ ಮಕ್ಕಳು ಶಾಲೆಗೆ ಹೋಗುತ್ತಾರೆ. ಅದರ ಮಾಲೀಕರಿಗೆ ಫೋನ್ ಮಾಡಿ ಗಾಡಿ ಹೇಗಿದೆ ಎಂದು ಕೇಳಿದೆ. "ಬೆಂಕಿ ಅದ ಬೆಂಕಿ!" ಎಂದರು. ಅಂದರೆ ಅವರೂ ಗಾಡಿಯನ್ನು ನಂಬಿ ಪೂರ್ತಿ ತುಳಿಯುತ್ತಿದ್ದರು.

ಎಲ್ಲ ದಾಖಲೆಗಳನ್ನು ತೆರೆದು ಮತ್ತೆ ಮೊದಲಿನಿಂದ ನೋಡಿದೆ. ಪ್ರತಿ ಓಟದಲ್ಲೂ ಎಂಜಿನ್ ಕಂಪ್ಯೂಟರ್ ತಾನು ಕೇಳಿದ ಒತ್ತಡವೆಷ್ಟು, ಸಿಕ್ಕಿದ್ದೆಷ್ಟು ಎಂದು ಎರಡು ಗೆರೆಗಳನ್ನು ಬಿಡಿಸುತ್ತದೆ. ನಾನು ತೆಗೆದ ಎಲ್ಲದರಲ್ಲೂ ಅವೆರಡೂ ಅಂಟಿಕೊಂಡೇ ಮೇಲೇರಿದ್ದವು. ದೋಷ ಕಾಣಿಸಿದ ದಾಖಲೆ ಒಂದೇ. ಅದು ನನ್ನ ಮ್ಯಾಪ್ ತೆಗೆಯುವ ಮುಂಚೆ ಉಪನ್ಯಾಸಕರು ದೇವದುರ್ಗದ ಹತ್ತಿರ ತಮ್ಮ ಫೋನನ್ನು ಕಾರಿಗೆ ಜೋಡಿಸಿ ಹಿಡಿದದ್ದು. ಅದರಲ್ಲಿ ಐದು ಸಾವಿರದ ಬಳಿ ಗೆರೆಗಳು ಬೇರೆಯಾಗಿದ್ದವು. ಟರ್ಬೋ ತನ್ನ ಶಕ್ತಿಯನ್ನೆಲ್ಲ ಹಾಕುತ್ತಿತ್ತು, ಆದರೂ ಒಳಗೆ ಬಂದ ಗಾಳಿ ಸಾಲುತ್ತಿರಲಿಲ್ಲ. ಸೋರಿಕೆಯಾಗಿದ್ದರೆ ಒಳಬರುವ ಗಾಳಿಯನ್ನು ಟರ್ಬೋಗೂ ಮೊದಲೇ ಅಳೆಯುವ ಮೀಟರು ಹೆಚ್ಚು ತೋರಿಸಬೇಕು, ಆಮೇಲೆ ಸೋರಿಹೋಗುವುದೂ ಸೇರಿ. ಇಲ್ಲಿ ಕಡಿಮೆ ತೋರಿಸುತ್ತಿತ್ತು. ಗಾಳಿ ಬರುವ ದಾರಿಯಲ್ಲೇ ಎಲ್ಲೋ ಕಟ್ಟಿಕೊಂಡಿತ್ತು. ಕಂಪನಿಯ ಮ್ಯಾಪ್ ಕೇಳುವುದೇ ಕಡಿಮೆ ಗಾಳಿಯನ್ನು. ಹಾಗಾಗಿ ಕಟ್ಟಿದ ದಾರಿಯೂ ಅದಕ್ಕೆ ಸಾಕಾಗಿರಬಹುದು.

ಆದರೆ ನಮ್ಮಲ್ಲಿ ಯಾಕೆ ಕಟ್ಟುವುದಿಲ್ಲ? ಕಾರು ನನ್ನ ಬಳಿ ಬಂದಾಗಲೆಲ್ಲ ಗುಣವಾಗುತ್ತಿತ್ತು, ದವಾಖಾನೆಯ ಮೆಟ್ಟಿಲು ಹತ್ತಿದ ಕೂಡಲೇ ಜ್ವರ ಇಳಿದುಬಿಡುವ ರೋಗಿಯ ಹಾಗೆ. ನಾನು ತೆಗೆದ ಪ್ರತಿ ದಾಖಲೆಯೂ ನಮ್ಮ ಗೇಟಿನಿಂದ ಹೊರಗೆ ಹೊರಟ ಓಟದ್ದು. ಗೇಟಿನ ಒಳಗೆ ಬರುವ ಓಟದ್ದು ಒಂದೂ ಇರಲಿಲ್ಲ. ಕಾಯಿಲೆಯ ಕಾರನ್ನು ನಾನು ಒಮ್ಮೆಯೂ ಅಳೆದೇ ಇರಲಿಲ್ಲ.

ಉಪನ್ಯಾಸಕರಿಗೆ ಫೋನ್ ಮಾಡಿದೆ. "ಗಾಡಿ ಇಲ್ಲಿಗೆ ತರಬ್ಯಾಡ್ರಿ ಸರ್. ತೊಳೀಬ್ಯಾಡ್ರಿ, ಒರೆಸಬ್ಯಾಡ್ರಿ. ಹೆಂಗ ಅದ ಹಂಗ ಇರ್ಲಿ. ನಾನೇ ಬರ್ತೀನಿ."

ಉಸ್ತಾದರಿಗೆ ದೇವದುರ್ಗಕ್ಕೆ ಹೋಗುತ್ತೇನೆ ಎಂದಷ್ಟೇ ಹೇಳಿದೆ. ಬಸ್ಸಿನಲ್ಲಿ ಲ್ಯಾಪ್‌ಟಾಪಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಗಬ್ಬೂರು ದಾಟುವವರೆಗೂ ಕಿಟಕಿಯಾಚೆ ನೋಡಲಿಲ್ಲ. ನನ್ನ ಊಹೆ ತಪ್ಪಾದರೆ ಉಳಿಯುವುದು ಮ್ಯಾಪ್ ಒಂದೇ. ಆಗ ಮಾನ್ವಿಯ ಕಾರಿನದನ್ನೂ ಅಳಿಸಿ, ಮೇಜು ಖಾಲಿ ಮಾಡಬೇಕು. ಗಿರಾಕಿಯ ಊರಿಗೆ ಒಬ್ಬಳೇ ಹೋಗಿ ಅವರ ಕಾರಿನಲ್ಲಿ ಕೂತು ಓಡಾಡುವುದು ನನ್ನ ಸ್ವಭಾವಕ್ಕೆ ಒಗ್ಗುವ ಕೆಲಸವೂ ಅಲ್ಲ. ಆ ಮುಜುಗರವನ್ನು ಉಪನ್ಯಾಸಕರ ತಾಯಿ ಬಾಗಿಲಲ್ಲೇ ಬಗೆಹರಿಸಿಬಿಟ್ಟರು. ತಲೆ ಬಾಚಿ, ಹೊರಡಲು ತಯಾರಾಗಿಯೇ ನಿಂತಿದ್ದರು.

"ಅರಕೇರಾ ರಸ್ತಿಗೆ ಹೊಂಟೀರಂದ್ರ ನಾನೂ ಬರ್ತೀನಿ. ನಮ್ಮ ತಂಗಿ ಮನಿ ಅಲ್ಲೇ ಅದ. ಹೆಣ್ಮಗಳು ಒಬ್ಬಾಕಿನ್ನ ಇವನ ಜೋಡಿ ಕಳಸ್ಲೇನು? ಇವಗ ಗಾಡಿ ಹೊಡಿಯಾಕ ಬರಂಗಿಲ್ಲ."

"ಯವ್ವಾ, ಮೇಡಂ ಮುಂದ ಮರ್ಯಾದಿ ತಗೀಬ್ಯಾಡ," ಎಂದರು ಮಗ.

"ಬಸ್ಸಿನ ಮುಂದ ನೀನೇ ತಗದೀದಿ ಬಿಡು."

ಬಾನೆಟ್ ತೆಗೆದು, ಬೇರೆ ಏನನ್ನೂ ಮುಟ್ಟದೆ, ಫಿಲ್ಟರ್ ಮತ್ತು ಟರ್ಬೋ ನಡುವಿನ ಕೊಳವೆಯಲ್ಲಿದ್ದ ಒಂದು ಸಣ್ಣ ಮೂತಿಗೆ ಪಾರದರ್ಶಕ ನಳಿಕೆ ಜೋಡಿಸಿದೆ. ಅದನ್ನು ಕಿಟಕಿಯಿಂದ ಒಳಗೆ ತಂದು, ಗುರುತು ಹಾಕಿದ ಉದ್ದನೆಯ ಪಟ್ಟಿಗೆ ಯು ಆಕಾರದಲ್ಲಿ ಕಟ್ಟಿ, ಅರ್ಧಕ್ಕೆ ಬಣ್ಣದ ನೀರು ತುಂಬಿಸಿದೆ. ನೀರು ಎಂಜಿನ್ನಿಗೆ ಹೋಗದಂತೆ ನಡುವೆ ಒಂದು ಬಾಟಲಿ. ಎಂಜಿನ್ ಗಾಳಿ ಎಳೆಯಲು ಎಷ್ಟು ತಿಣುಕುತ್ತದೋ ನೀರು ಒಂದು ಬದಿಯಲ್ಲಿ ಅಷ್ಟು ಮೇಲೇರುತ್ತದೆ. ನಾನು ಲ್ಯಾಪ್‌ಟಾಪ್ ನೋಡಬೇಕಿತ್ತು. ಪಟ್ಟಿಯನ್ನು ಹಿಂದಿನ ಸೀಟಿನಲ್ಲಿದ್ದ ತಾಯಿಯ ಕೈಗೆ ಕೊಟ್ಟೆ.

"ಇದೇನು ಗಾಡಿಗೆ ಸಲಾಯಿನ್ ಹಚ್ಚೀದೇನವ್ವಾ?"

"ಹಂಗೇ ಅನ್ಕೋರಿ. ನೆಟ್ಟಗ ಹಿಡೀರಿ. ನೀರು ಎಲ್ಲಿತನಕ ಏರ್ತದ ಹೇಳ್ರಿ."

ನನ್ನ ಮ್ಯಾಪನ್ನು ಮತ್ತೆ ಹಾಕಿದೆ. ಅರಕೇರಾ ಕಡೆಗಿನ ರಸ್ತೆಯಲ್ಲಿ ಎರಡೂ ಕಡೆ ಬಿಡಿಸಿದ ಹತ್ತಿಯ ಹೊಲಗಳು. ಉದ್ದಕ್ಕೂ ಯಾರೂ ಇಲ್ಲವೆಂದು ನೋಡಿಕೊಂಡು, "ಈಗ," ಎಂದೆ. ಉಪನ್ಯಾಸಕರು ಪೂರ್ತಿ ತುಳಿದರು.

"ಏರಾಕತ್ತದ," ಎಂದರು ತಾಯಿ. "ಏರಾಕತ್ತದ... ಅಯ್ಯ, ಇನ್ನೂ ಏರಾಕತ್ತದ. ಯಪ್ಪಾ ಬಿಡೋ, ಪಟ್ಟಿ ಮುಗೀತು! ನೀರು ಬಾಟ್ಲಿಗೆ ಹೋತು!"

ಅದೇ ಹೊತ್ತಿಗೆ ಸೀಟು ನನ್ನ ಬೆನ್ನನ್ನು ಒತ್ತುವುದು ನಿಂತಿತು. ಪರದೆಯ ಮೇಲೆ ಎರಡು ಗೆರೆಗಳು ಬೇರೆಯಾದವು. ಹೆದರಿಸುವ ಆ ಸೋಲು ನನ್ನ ಕಣ್ಣೆದುರಿಗೆ ಬಂದದ್ದು ಅದೇ ಮೊದಲು. ಕಾರು ಕೆಟ್ಟಿದೆ ಎಂದು ಇಷ್ಟು ಸಮಾಧಾನಪಟ್ಟದ್ದು ನನಗೆ ನೆನಪಿಲ್ಲ.

ರಸ್ತೆ ಬದಿಗೆ ನಿಲ್ಲಿಸಿ, ನಳಿಕೆಯನ್ನು ಫಿಲ್ಟರಿನ ಮುಂದಕ್ಕೆ, ಅಂದರೆ ಗಾಳಿ ಫಿಲ್ಟರಿಗೆ ತಾಗುವ ಮೊದಲೇ ಅಳೆಯುವಂತೆ ಪೆಟ್ಟಿಗೆಗೆ ಜೋಡಿಸಿದೆ. ಫಿಲ್ಟರ್ ಕಟ್ಟಿದ್ದರೆ ಇಲ್ಲಿ ನೀರು ಏರಬಾರದು. ಮತ್ತೆ ಓಡಿಸಿದೆವು. ನೀರು ಹೆಚ್ಚುಕಡಿಮೆ ಅಷ್ಟೇ ಏರಿತು. ಫಿಲ್ಟರಿನದಲ್ಲ, ಟರ್ಬೋದ್ದಲ್ಲ. ಅದಕ್ಕೂ ಮುಂದೆ ಉಳಿದದ್ದು ದಪ್ಪ ಕೊಳವೆಯ ಬಾಯಿಯೊಂದೇ.

ಕಾರಿನ ಮುಂದೆ ಮಣ್ಣಿನಲ್ಲಿ ಮಂಡಿಯೂರಿ ಕೂತು ಗ್ರಿಲ್ಲಿನೊಳಗೆ ಫೋನಿನ ಬೆಳಕು ಬಿಟ್ಟೆ. ಸೊಳ್ಳೆಪರದೆ ಕಂಡಿತು. ಊರಿನ ಪ್ರತಿ ಗಾಡಿಗೂ ಇರುವಂಥದ್ದು. ಈ ಕಾರನ್ನು ನೋಡಿದಾಗಲೆಲ್ಲ ಅದನ್ನೂ ನೋಡಿದ್ದೆ, ಮನೆಯ ಬಾಗಿಲಿನ ಚಿಲಕ ನೋಡುವ ಹಾಗೆ. ರೇಡಿಯೇಟರಿನ ಮುಂದೆ ಅರಳೆ ತೆಳ್ಳಗೆ ಹರಡಿತ್ತು. ಕೊಳವೆಯ ಬಾಯಿಯ ಮುಂದೆ ಮಾತ್ರ ಎಳೆಗಳೆಲ್ಲ ಹೆಣೆದುಕೊಂಡು, ಧೂಳು ಕುಡಿದು, ಕಂಬಳಿಯ ತುಂಡಿನ ಹಾಗೆ ಆಗಿತ್ತು.

"ನಿಂತಲ್ಲೇ ರೇಸ್ ಮಾಡ್ರಿ ಸರ್."

ಎಂಜಿನ್ ಕೂಗಿತು. ಆ ಕಂಬಳಿ ಹಿಂದಕ್ಕೆ ಸರಿದು ಕೊಳವೆಯ ಬಾಯಿಗೆ ಬಿಗಿಯಾಗಿ ಕೂತಿತು, ಸೆರಗು ಮುಚ್ಚಿಕೊಂಡು ಜೋರಾಗಿ ಉಸಿರೆಳೆದಂತೆ. ಕಾಲು ತೆಗೆದಾಗ ಸಡಿಲಾಗಿ ಜೋತುಬಿತ್ತು, ಏನೂ ಆಗಿಲ್ಲವೆಂಬ ಹಾಗೆ. ಮೂರು ಸಲ ಮಾಡಿಸಿದೆ. ಮೂರು ಸಲವೂ ಹಾಗೆಯೇ.

ಬಾಯಿಯ ಸುತ್ತ ಪರದೆಯನ್ನು ಕತ್ತರಿಸಿ ತೆಗೆದೆ. ಮುಂದಿನ ಓಟದಲ್ಲಿ ತಾಯಿಯ ಕೈಯಲ್ಲಿದ್ದ ನೀರು ಒಂದಿಷ್ಟು ಏರಿ ಅಲ್ಲೇ ನಿಂತಿತು. ಗೆರೆಗಳು ಜೊತೆಯಾಗಿಯೇ ಮೇಲೆ ಹೋದವು. ಉಪನ್ಯಾಸಕರು ನಗುತ್ತ ನನ್ನತ್ತ ತಿರುಗಿದರು. ಅವರು ಏನು ಕೇಳಲು ಬಾಯಿ ತೆರೆದರೆಂದು ಗೊತ್ತಿತ್ತು.

"ಸರಿಯಾಗ್ಯದ ಅಂತ ಇನ್ನೂ ಹೇಳಂಗಿಲ್ಲ ಸರ್," ಎಂದೆ. "ಎರಡು ಸಲ ಹೇಳೀನಿ. ಈ ಸಲ ಸುಗ್ಗಿ ಮುಗಿಯೂತನ ಗಾಡಿ ಓಡಿಸ್ರಿ, ಯಾರ ಕೈಲೂ ಊದಿಸಬ್ಯಾಡ್ರಿ. ವಾರಕ್ಕೊಮ್ಮೆ ಖಾಲಿ ರಸ್ತೆದಾಗ ತುಳಿದು, ರೆಕಾರ್ಡ್ ಕಳಸ್ರಿ. ಅಲ್ಲಿತನ ಲಾರಿ ಹಿಂದ ಲಾರಿ."

"ಅಂದ್ರ ಹಳ್ಳದ ಎಮ್ಮಿಗತೆ ಹೋಗು ಅಂತೀರಿ."

"ಹೋಗಲೇ," ಎಂದರು ಹಿಂದಿನ ಸೀಟಿನಿಂದ ತಾಯಿ. "ಎಮ್ಮಿ ಮನೀ ಮುಟ್ತದ."

ರಾಯಚೂರಿಗೆ ಮರಳುವ ಬಸ್ಸಿನಲ್ಲಿ ಹೊಸ ಚಿಂತೆ ಜೊತೆಗೆ ಕೂತಿತು. ಪರದೆ ಕಟ್ಟಿದ್ದು ಉಸ್ತಾದರು. ಪ್ರತಿ ಸಲವೂ ಊದಿ ಅದನ್ನು ಸಾಫು ಮಾಡಿ, ನಾನು ನೋಡುವ ಮೊದಲೇ ದೋಷವನ್ನು ಹಾರಿಸಿಬಿಟ್ಟಿದ್ದವರೂ ಅವರೇ. ಎರಡನ್ನೂ ಗಿರಾಕಿಯ ಮೇಲಿನ ಅಕ್ಕರೆಯಿಂದಲೇ ಮಾಡಿದ್ದರು. ಅವರಿಗೆ ನೋವಾಗದಂತೆ, ಪರದೆ ತಾನಾಗಿ ಕಳಚಿಬಿದ್ದಿತ್ತು ಎಂದು ಸುಳ್ಳು ಹೇಳಿ ಮುಗಿಸಬಹುದಿತ್ತು. ಆದರೆ ಮಾನ್ವಿಯ ಕಾರಿಗೂ ಅವರೇ ಪರದೆ ಕಟ್ಟಿದ್ದರು.

ಮರುದಿನ ಬೆಳಿಗ್ಗೆ ಆ ಕಂಬಳಿಯಂಥ ಅರಳೆಯ ತುಂಡನ್ನು ಅವರ ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಅವರು ತುಂಡನ್ನು ಎತ್ತಿ, ಬಾಯಿಗೆ ಹಿಡಿದು, ಉಸಿರೆಳೆದು ನೋಡಿದರು. ಕೆಮ್ಮು ಬಂತು.

"ಅಂದ್ರ ಗಾಡಿ ಗಂಟಲಾ ಕಟ್ಟಿದ್ದೂ ನಾ, ನೀ ನಾಡಿ ನೋಡೂಮುಂದ ದವಾ ಕುಡಿಸಿದ್ದೂ ನಾ."

"ನೀವು ಬೇಕಂತ..."

"ಬೇಕಂತ ಮಾಡಿದ್ರ ಅಕಲ್ ಇತ್ತು ಅನ್ನಬಹುದಿತ್ತು ಬೇಟಾ," ಎಂದರು. ತಂತಿ ಕತ್ತರಿಸುವ ಇಕ್ಕಳವನ್ನು ಜೇಬಿಗೆ ಹಾಕಿಕೊಂಡು ಸ್ಕೂಟರ್ ಹತ್ತಿದರು. ಎಲ್ಲಿಗೆ ಎಂದು ಕೇಳಿದ್ದಕ್ಕೆ, "ಮಾನ್ವಿ," ಎಂದರು. ಸಂಜೆ ಬಂದು ಒಂದು ಪೊಟ್ಟಣವನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಬಿಚ್ಚಿದರೆ ಅಂಥದ್ದೇ ತುಂಡು, ಇನ್ನೂ ತೆಳ್ಳಗಿತ್ತು. ಅಲ್ಲಿ ಬೆಂಕಿ ಆರಲು ಇನ್ನಷ್ಟು ದಿನ ಬೇಕಿತ್ತು ಅಷ್ಟೆ. ಆ ವಾರ ಎರಡೂ ಕಾರುಗಳ ಕೊಳವೆಯ ಬಾಯನ್ನು ಬಂಪರಿನ ಕೆಳಗೆ ತಿರುಗಿಸಿ, ಪರದೆಯಿಂದ ಬೇರೆ ಮಾಡಿದೆವು.

ಉಪನ್ಯಾಸಕರು ಹೇಳಿದಂತೆಯೇ ನಡೆದುಕೊಂಡರು. ವಾರವಾರವೂ ದಾಖಲೆ ಬರುತ್ತಿತ್ತು. ತೆರೆಯುವ ಮುಂಚೆ ಪ್ರತಿ ಸಲವೂ ಕೈ ಒರೆಸಿಕೊಳ್ಳುತ್ತಿದ್ದೆ, ಕೈಯಲ್ಲಿ ಎಣ್ಣೆ ಇಲ್ಲದಿದ್ದರೂ. ಗೆರೆಗಳು ಬೇರೆಯಾಗಲಿಲ್ಲ. ಹೊಲಗಳಲ್ಲಿ ಬರೀ ಕಡ್ಡಿಗಳು ಉಳಿದ ಮೇಲೆ ಫೋನ್ ಮಾಡಿ, ತಡೆಹಿಡಿದಿದ್ದ ಆ ಮಾತನ್ನು ಹೇಳಿದೆ.

ಅದಾದ ಮೇಲೆ ಅವರು ಕೇಳದೆಯೇ ಇನ್ನೊಂದು ದಾಖಲೆ ಕಳುಹಿಸಿದರು, ಮಲ್ಲಟದಿಂದ ಮಾನ್ವಿಗೆ ಹೋದಾಗಿನದು. ಬಹಳ ಹೊತ್ತು ಗೆರೆ ತಗ್ಗಿನಲ್ಲೇ ಸಾಗಿತ್ತು. ಯಾವುದೋ ಲಾರಿಯ ಹಿಂದೆ ಇದ್ದಿರಬೇಕು. ಆಮೇಲೆ ಪೆಡಲು ಒಮ್ಮೆಲೇ ಪೂರ್ತಿ ಕೆಳಗೆ. ಸುತ್ತುಗಳು ನಾಲ್ಕು ಸಾವಿರ, ಐದು, ಆರು. ಒತ್ತಡದ ಎರಡು ಗೆರೆಗಳು ಒಂದರ ಮೇಲೊಂದು. ಕೊನೆಗೆ ಪೆಡಲು ನಿಧಾನವಾಗಿ ಮೇಲೆ ಬಂದಿತ್ತು, ಆತುರವಿಲ್ಲದೆ, ತನ್ನ ಬದಿಗೆ ಮರಳಿದವರ ಹಾಗೆ. ಅದನ್ನು ಎರಡನೆಯ ಸಲ ನೋಡುತ್ತಿದ್ದಾಗ ಅಂಗಳಕ್ಕೆ ಒಂದು ಜೀಪು ಬಂದು ನಿಂತ ಸದ್ದಾಯಿತು. ಕಂಪ್ರೆಸರ್ ಗುಡುಗಿತು, ಕೂಡಲೇ ನಿಂತಿತು.

"ಬೇಟಾ," ಎಂದು ಉಸ್ತಾದರು ಹೊರಗಿನಿಂದ ಕೂಗಿದರು. "ನೋಡ್ತೀಯೇನು? ಇಲ್ಲಾ ಊದ್ಲೇನು?"

"ತಡೀರಿ, ಬಂದೆ," ಎಂದು ಎದ್ದೆ.